ಗೋಸುಂಬೆಗೊಂದು ಶೋಕೇಸು

“ಬಲೆ ಪೆಟ್ಟಿಗೆಯಂತೆ, ಬಲೆ ಪೆಟ್ಟಿಗೆ! ನಮ್ಮನೆಗೆ ಬಂದ ಪ್ರಾಣಿ ಅರಮನೇಲಿ ಇರಬೇಕು ಕಣೇ, ಅರಮನೇಲಿ!”

ಶೋಕೇಸ್ ಸಾಹುಕಾರರು ಹೀಗೆ ಘೋಷಿಸಿದಾಗ ಅವರ ಕೈಯಲ್ಲಿ ಅಳತೆಯ ಟೇಪು ಇತ್ತು, ಎದುರಿಗೆ ಹೆಂಡತಿ ಇದ್ದರು, ಮಗಳ ತೋರುಬೆರಳಿನ ಮೇಲೆ ಆ ಪ್ರಾಣಿ ಇತ್ತು. ಬೆರಳಿಗಿಂತ ಚೂರೇ ಉದ್ದದ ಗೋಸುಂಬೆ ಮರಿ. ತೂಕ ಹನ್ನೆರಡು ಗ್ರಾಂ. ಅದರ ಒಂದು ಕಣ್ಣು ಸಾಹುಕಾರರನ್ನೂ ಇನ್ನೊಂದು ಕಣ್ಣು ಬಾಗಿಲನ್ನೂ ನೋಡುತ್ತಿತ್ತು. ಮರಿಯಾದರೂ ಮುಂದಾಲೋಚನೆ ಇತ್ತು ಎನ್ನಬೇಕು.

ಮಗಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಯಾರೋ ಸಾಕಿ, ಸಾಕಾಗಿ, ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟುಹೋದ ಮರಿ ಇದು. ಅಲ್ಲಿನ ಡಾಕ್ಟರಮ್ಮ ಅದನ್ನು ಷರತ್ತಿನ ಮೇಲೆ ಕೊಟ್ಟಿದ್ದರು: “ಒಂದು ವಾರ ನೋಡ್ತೀನಿ. ತೂಕ ಇಳೀಲಿಲ್ಲ ಅಂದ್ರೆ ನಿಂದು. ಇಳೀತೋ, ವಾಪಸ್ ಕೊಡಬೇಕು.”

“ಅಪ್ಪಾ, ಸಣ್ಣದೊಂದು ಬಲೆ ಪೆಟ್ಟಿಗೆ ಸಾಕು ಅಂದಿದ್ದಾರೆ” ಎಂದಳು ಮಗಳು.

“ಅವರು ಡಾಕ್ಟರು. ಪೆಟ್ಟಿಗೆ ವಿಷಯ ಪೆಟ್ಟಿಗೆಯವನಿಗೆ ಬಿಡು!”

ಮೂವತ್ತು ವರ್ಷಗಳಿಂದ ಸಾಹುಕಾರರು ಗಾಜಿನ ಶೋಕೇಸು ಮಾರುತ್ತಿದ್ದರು. ಚಿನ್ನದಂಗಡಿ, ಗಡಿಯಾರದಂಗಡಿ, ಔಷಧದಂಗಡಿ, ಎಲ್ಲಕ್ಕೂ ಅವರದೇ ಗಾಜು. ಇಟ್ಟ ಮಾಲು ಎಲ್ಲ ಕಡೆಯಿಂದಲೂ ಕಣ್ಣಿಗೆ ಬೀಳಬೇಕು ಎಂಬುದೊಂದೇ ಅವರ ಶಾಸ್ತ್ರ. ಮಾಲು ಉಸಿರಾಡುತ್ತದೆಯೇ ಎಂದು ಕೇಳುವ ಸಂದರ್ಭ ಅದುವರೆಗೆ ಬಂದಿರಲಿಲ್ಲ.

ಅಂದೇ ಸಂಜೆ ಆರಡಿ ಎತ್ತರದ ಶೋಕೇಸು ನಡುಮನೆಗೆ ದಯಮಾಡಿಸಿತು. ಮೂರು ಕಡೆ ಗಾಜು, ಹಿಂದೆ ಕನ್ನಡಿ. ಒಂದು ಸರ ಇಟ್ಟರೆ ಎರಡು ಕಾಣುವ ಚಿನ್ನದಂಗಡಿಯ ಉಪಾಯ! ನಾಲ್ಕು ದೀಪ. ನಡುವೆ ಒಂದೇ ಒಂದು ಬೋಳು ಕಡ್ಡಿ. ಮಗಳು ತಂದ ಗಿಡವನ್ನು ಸಾಹುಕಾರರು ಒಳಗಿಡಲು ಬಿಡಲಿಲ್ಲ. “ಎಲೆ ಗಿಲೆ ಇಟ್ರೆ ಮಾಲು ಮರೆಯಾಗುತ್ತೆ.” ಶೋಕೇಸಿಗೆ ಎದುರಾಗಿ ತಮ್ಮ ಆರಾಮಕುರ್ಚಿಯನ್ನೂ ಎಳೆಸಿದರು.

“ರೀ, ಅಷ್ಟುದ್ದದ ಮರಿಗೆ ಆರಡಿ ಯಾಕ್ರೀ? ನಾವಿಬ್ರೂ ಹೋಗಿ ಸಂಸಾರ ಮಾಡಬಹುದು!” ಎಂದರು ಹೆಂಡತಿ.

“ನಿನ್ನ ಅದರಲ್ಲಿ ಇಟ್ರೆ ದಾರಿಯಲ್ಲಿ ಹೋಗೋರೆಲ್ಲ ಬಂದು ನೋಡ್ತಾ ನಿಲ್ತಾರೆ.”

“ಮೂವತ್ತು ವರ್ಷದಿಂದ ಇದೇ ಪಾಲಿಶು!”

ಮರಿಯನ್ನು ಒಳಗೆ ಬಿಟ್ಟರು. ಅದು ಕಡ್ಡಿ ಹತ್ತಿತು, ಕನ್ನಡಿ ನೋಡಿತು. ಎಲೆಹಸಿರಾಗಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಕಪ್ಪಾಯಿತು! ಮೈ ಉಬ್ಬಿಸಿ, ಬಾಯಿ ತೆರೆದು ಕನ್ನಡಿಯ ಮೇಲೆ ಯುದ್ಧ ಸಾರಿತು.

“ನೋಡ್ರೇ, ಎಂಥ ಗತ್ತು!” ಸಾಹುಕಾರರ ಎದೆಯೂ ಉಬ್ಬಿತು. “ಜಾಗಕ್ಕೆ ತಕ್ಕ ಹಾಗೆ ಕೋಟು ಹಾಕ್ಕೊಂಡಿದೆ!”

“ಅಪ್ಪಾ, ಅದು ಹೆದರಿದೆ.”

“ಹೊಸ ಮನೆ ಕಣಮ್ಮ. ಹೊಂದಿಕೊಳ್ಳೋಕೆ ಒಂದೆರಡು ದಿನ ಬೇಡ್ವಾ?”

ಊಟಕ್ಕೆ ಹತ್ತು ಮರಿಮಿಡತೆಗಳನ್ನು ಬಿಟ್ಟರು. ಆ ವಿಶಾಲ ಸಾಮ್ರಾಜ್ಯದಲ್ಲಿ ಮಿಡತೆಗಳು ಒಂದು ಗಡಿಯಲ್ಲಿ, ಗೋಸುಂಬೆ ಇನ್ನೊಂದು ಗಡಿಯಲ್ಲಿ. ಎರಡು ದಿನವಾದರೂ ಪರಸ್ಪರ ಪರಿಚಯವೇ ಆಗಲಿಲ್ಲ! “ಮಾಲು ಸಾಲ್ತಿಲ್ಲ” ಎಂದು ತೀರ್ಮಾನಿಸಿದ ಸಾಹುಕಾರರು ಇನ್ನೂ ಐವತ್ತು ತರಿಸಿದರು. ಶೋಕೇಸಿನ ಸರಿಯುವ ಬಾಗಿಲುಗಳ ನಡುವೆ ಉಗುರಿನಷ್ಟು ಸಂದಿ ಇರುತ್ತದೆ. ಚಿನ್ನದ ಸರಗಳಿಗೆ ಹಾರುವ ಅಭ್ಯಾಸವಿಲ್ಲ, ಹಾಗಾಗಿ ಈವರೆಗೆ ಯಾರೂ ದೂರು ಕೊಟ್ಟಿರಲಿಲ್ಲ. ಮಿಡತೆಗಳಿಗೆ ಅಭ್ಯಾಸವಿತ್ತು.

ಬೆಳಗಾಗುವಷ್ಟರಲ್ಲಿ ಮನೆ ತುಂಬ ಮಿಡತೆ! ಹೆಂಡತಿಯ ಕನ್ನಡಕದ ಡಬ್ಬಿಯಲ್ಲಿ ಎರಡು, ಇಸ್ತ್ರಿ ಬಟ್ಟೆಯ ಮಡಿಕೆಯಲ್ಲಿ ಆರು. ಒಂದಂತೂ ಸಾಹುಕಾರರ ಜೇಬಿನಲ್ಲಿ ಅಂಗಡಿಗೇ ಹೋಗಿ, ಗಾಜಿನ ಮಾದರಿ ನೋಡುತ್ತಿದ್ದ ಗಡಿಯಾರದ ವ್ಯಾಪಾರಿಯ ಮೂಗಿನ ಮೇಲೆ ಇಳಿಯಿತು.

“ಸಾಹುಕಾರ್ರೇ, ಇದು ಶೋಕೇಸಿನ ಜೊತೆಗೇ ಬರುತ್ತೋ, ಬೇರೆ ಕೊಳ್ಳಬೇಕೋ?” ಎಂದರು ಅವರು.

ನಾಲ್ಕನೆಯ ದಿನ ಮಗಳು ತೂಕ ಹಾಕಿದಳು. ಹತ್ತೂವರೆ ಗ್ರಾಂ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಮರಿಯನ್ನು ಬೆರಳ ಮೇಲೆ ಕೂರಿಸಿಕೊಂಡು ಕಿಟಕಿಯ ಬಳಿ ಹೋಗಿ ನಿಂತಳು. ತಟ್ಟೆಯಲ್ಲಿದ್ದ ಅವಳ ಊಟ ಹಾಗೇ ಆರಿತು. ಅದನ್ನು ನೋಡಿ ಸಾಹುಕಾರರೂ ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. ಕೈ ತೊಳೆದು, ಡಾಕ್ಟರಮ್ಮನಿಗೆ ತಾವೇ ಫೋನು ಮಾಡಿದರು.

ಡಾಕ್ಟರಮ್ಮ ಬಂದರು. ಶೋಕೇಸನ್ನು ಬುಡದಿಂದ ತುದಿಯವರೆಗೆ ನೋಡಿದರು. “ಇದು ಯಾರ ಬುದ್ಧಿವಂತಿಕೆ?”

ಇಂಥ ಪ್ರಶ್ನೆಗಳಿಗೆ ಎಲ್ಲರಿಗಿಂತ ಮೊದಲು ಉತ್ತರಿಸುವ ಹೆಂಡತಿ, ಅಂದು ಗಂಡನಿಗೇ ಅವಕಾಶ ಬಿಟ್ಟುಕೊಟ್ಟರು.

“ನಂದೇ” ಎಂದರು ಸಾಹುಕಾರರು.

“ನಿಮ್ಮನ್ನ ಮೈದಾನದ ಮಧ್ಯೆ ಕೂರಿಸಿ, ಎಲ್ಲೋ ಒಂದು ಮೂಲೇಲಿ ಊಟ ಇಟ್ಟು, ಎದುರಿಗೆ ಒಬ್ಬ ದಾಂಡಿಗನ್ನ ಗುರಾಯಿಸೋಕೆ ನಿಲ್ಲಿಸಿದ್ರೆ ನಿಮಗೆ ಊಟ ಸೇರುತ್ತಾ? ಆ ಕನ್ನಡೀಲಿ ಇದಕ್ಕೆ ಕಾಣಿಸ್ತಿರೋದು ಶತ್ರು! ಇಂಥ ಮರಿಗೆ ಅವಿತುಕೊಳ್ಳೋಕೆ ಜಾಗ ಬೇಕು ಸಾಹುಕಾರ್ರೇ. ಗಾಳಿಯಾಡೋ ಸಣ್ಣ ಗೂಡು, ಒಳಗೆ ತುಂಬ ಎಲೆ. ಅಷ್ಟೇ.”

ಹೆಂಡತಿ ಒಳಗೆ ಹೋಗಿ ಒಗೆಯುವ ಬಟ್ಟೆ ಹಾಕುವ ಬಲೆಯ ಬುಟ್ಟಿ ತಂದರು. ಅದಕ್ಕೆ ಮೇಲೆ ಜಿಪ್ಪೂ ಇತ್ತು. ಒಳಗೆ ಗಿಡದ ಕುಂಡ ಇಟ್ಟರು. ಹತ್ತು ನಿಮಿಷದಲ್ಲಿ ಗೃಹಪ್ರವೇಶ! ಮರಿ ಎಲೆಗಳ ನಡುವೆ ನುಸುಳಿತು. ಕಪ್ಪು ಕಂದಾಯಿತು. ಆದರೆ ಹಸಿರಾಗಲಿಲ್ಲ. ಮೂಗಿನ ಕೆಳಗೇ ಮಿಡತೆ ಓಡಾಡಿದರೂ ಬಾಯಿ ತೆರೆಯಲಿಲ್ಲ.

“ಇನ್ನೂ ಏನೋ ಹೆದರಿಸ್ತಿದೆ” ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. “ದೊಡ್ಡದು. ಹತ್ತಿರದಲ್ಲೇ ಇದೆ. ಕದಲದೆ ಇದನ್ನೇ ನೋಡ್ತಿದೆ.”

ತಾಯಿ ಮಗಳು ಒಟ್ಟಿಗೇ ತಿರುಗಿದರು. ಆರಾಮಕುರ್ಚಿಯಲ್ಲಿ ಸಾಹುಕಾರರು ಮುಂದಕ್ಕೆ ಬಾಗಿ, ಕನ್ನಡಕ ಮೂಗಿನ ತುದಿಗಿಳಿಸಿ, ಬುಟ್ಟಿಯನ್ನೇ ನೋಡುತ್ತಿದ್ದರು. ಎಲ್ಲರೂ ತಮ್ಮ ಕಡೆ ನೋಡಿದ್ದನ್ನು ಕಂಡು ಅವರೂ ಹಿಂದೆ ತಿರುಗಿ ನೋಡಿದರು. ಅಲ್ಲಿ ಬರೀ ಗೋಡೆ ಇತ್ತು.

ಕುರ್ಚಿ ಬೀರುವಿನ ಹಿಂದಕ್ಕೆ ಹೋಯಿತು, ಕುರ್ಚಿಯ ಜೊತೆಗೆ ಸಾಹುಕಾರರೂ ಹೋದರು. ಐದೇ ನಿಮಿಷ! ಚಟ್ಟನೆ ನಾಲಿಗೆ ಚಿಮ್ಮಿತು, ಮಿಡತೆ ಮಾಯವಾಯಿತು.

ಏಳನೆಯ ದಿನ ಡಾಕ್ಟರಮ್ಮ ಮತ್ತೆ ಬಂದು ತೂಕ ಹಾಕಿದರು. ಬೀರುವಿನ ಹಿಂದಿನಿಂದ ಪಿಸುದನಿಯೊಂದು ಬಂತು.

“ಎಷ್ಟಮ್ಮಾ?”

“ಹನ್ನೆರಡೂ ಕಾಲು, ಅಪ್ಪಾ!”

“ಬಣ್ಣ?”

“ಎಲೆಹಸಿರು!”

ಸಂತೋಷ ತಡೆಯಲಾರದೆ ಸಾಹುಕಾರರು ಬೀರುವಿನ ಅಂಚಿನಿಂದ ಮೂಗು, ಒಂದು ಕಣ್ಣು, ಅರ್ಧ ಮೀಸೆ ಇಷ್ಟನ್ನು ಮಾತ್ರ ಹೊರಗೆ ಹಾಕಿದರು.

“ಕಪ್ಪು!” ಎಂದು ಮೂವರೂ ಕಿರುಚಿದರು.

ಮೀಸೆ ಸರ್ರನೆ ಒಳಗೆ ಹೋಯಿತು. ಡಾಕ್ಟರಮ್ಮ ತಕ್ಕಡಿ ಮಡಚಿ ಚೀಲಕ್ಕೆ ಹಾಕಿಕೊಂಡು ಮಗಳ ಬೆನ್ನು ತಟ್ಟಿದರು.

“ಮರಿ ಇನ್ನು ನಿಂದೇ ಕಣಮ್ಮ, ಅದಕ್ಕೆ ಜಾಗ ಸರಿಯಾಗಿದೆ. ನಿಮ್ಮಪ್ಪನಿಗೆ ಮಾತ್ರ ಒಂದು ಒಳ್ಳೇ ಗೂಡು ನೋಡು.”