ಫ್ರೆಂಚಿಗೊಂದು ಮಗ್ಗ

ಮೂವತ್ತು ವರ್ಷ ಶಾಲೆಯಲ್ಲಿ ಲಘು-ಗುರು ಕಲಿಸಿದವನ ಕೈ ಸುಮ್ಮನಿರುವುದಿಲ್ಲ. ಮದುವೆ ಕಾರ್ಡು, ಔಷಧದ ಚೀಟಿ, ಯಾವುದು ಸಿಕ್ಕರೂ ಅಕ್ಷರಗಳ ನೆತ್ತಿಯ ಮೇಲೆ ಗೀಟು ಎಳೆದುಬಿಡುತ್ತೇನೆ. ಲಕ್ಷ್ಮೇಶ್ವರದ ಬಸ್ಸು ಒಮ್ಮೆ ತಪ್ಪಿದ್ದೂ ಅದರ ಬೋರ್ಡಿಗೆ ಪ್ರಸ್ತಾರ ಹಾಕುತ್ತ ನಿಂತದ್ದರಿಂದಲೇ. ಹಾಗಾಗಿ ಮಗಳು ಗೌರಿ ಫ್ರೆಂಚ್ ಪುಸ್ತಕ ತಂದಾಗ ನಾನು ಪೆನ್ಸಿಲ್ ಚೂಪು ಮಾಡಿಕೊಂಡೆ.

ಗೌರಿ ಕಲಿಯುತ್ತಿದ್ದುದು ಆನ್‌ಲೈನಿನಲ್ಲಿ. ಓದಿ ಒಪ್ಪಿಸುವ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಈ ಸಲವೂ ಆದರೆ ಮತ್ತೆ ಅವಕಾಶವಿಲ್ಲ. ಪದವನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಒಂದೇ ಅಳತೆಯಲ್ಲಿ ಓದಬೇಕೆಂದು ಅವಳ ಮೇಡಂ ಹೇಳಿದ್ದರಂತೆ. ಒಂದೇ ಅಳತೆ ಎಂಬುದು ನನಗೆ ಒಪ್ಪಿಗೆಯಾಗಲಿಲ್ಲ. ಲಘು-ಗುರುವಿನ ಭೇದವಿಲ್ಲದೆ ಆ ಜನ ಇಷ್ಟು ದಿನ ಹೇಗೆ ಬಾಳಿದರೆಂದು ಕನಿಕರವೂ ಆಯಿತು. ‘ಉ-ನಿ-ವೆರ್-ಸಿ-ತೆ’ ಎಂಬಲ್ಲಿ ‘ವೆರ್’ ಗುರು, ಎಳೆ ಎಂದೆ. ಎಳೆದಳು. ಫ್ರಾನ್ಸಿನ ವಿಶ್ವವಿದ್ಯಾಲಯ ಷಟ್ಪದಿಯ ಹಾಗೆ ಕೇಳಿಸಿತು. ಮರುದಿನದಿಂದ ಅವಳು ಹಿತ್ತಲ ಕಿಟಕಿಯ ಬಳಿ ಕೂತು ಒಬ್ಬಳೇ ಓದತೊಡಗಿದಳು. ನನ್ನ ಪಾಠ ಮುಗಿದಿದೆ ಎಂದುಕೊಂಡೆ.

ಆ ಕಿಟಕಿಯಾಚೆ ನೇಕಾರ ಶಾಂತವ್ವನ ಕೈಮಗ್ಗ. ನಮ್ಮ ಬೆಟಗೇರಿಯ ಓಣಿಯಲ್ಲಿ ಆ ಸದ್ದು ಗಡಿಯಾರದ ಸದ್ದಿನಂತೆ, ಯಾರಿಗೂ ಕೇಳಿಸುವುದಿಲ್ಲ. ಪರೀಕ್ಷೆಯ ಬೆಳಿಗ್ಗೆ ಮಾತ್ರ ನನಗೆ ಕೇಳಿಸಿತು. ತಂದೆಯಾದವನು ಏನಾದರೂ ಮಾಡಬೇಕಲ್ಲ, ಹೋಗಿ ಅರ್ಧ ತಾಸು ಮಗ್ಗ ನಿಲ್ಲಿಸಿ ಎಂದು ಕೇಳಿಕೊಂಡೆ. ಪಾಪ, ನಿಲ್ಲಿಸಿದಳು.

ಮನೆಗೆ ಬಂದು ಬಾಗಿಲ ಸಂದಿಯಿಂದ ನೋಡಿದೆ. ಪರದೆಯ ಮೇಲೆ ಪರೀಕ್ಷಕರು ಕಾಯುತ್ತಿದ್ದಾರೆ. ಗೌರಿ ಬಾಯಿ ತೆರೆದಳು, ‘ಉನಿವೇ...’ ಎಂದು ಎಳೆದು ನಿಂತೇಬಿಟ್ಟಳು. ಅದು ನನ್ನದೇ ಗುರು. ಮೈಕ್ ಮುಚ್ಚಿ ನನ್ನತ್ತ ತಿರುಗಿದಳು.

“ಅಪ್ಪಾ, ಮಗ್ಗ ಯಾಕ ನಿಂತೈತಿ? ಅದರ ಒಂದೊಂದ ಬಡಿತಕ್ಕ ಒಂದೊಂದ ತುಂಡು ಕೂಡಿಸಿ ಕಲ್ತೀನಿ ನಾ.”

ಚಪ್ಪಲಿ ಮೆಟ್ಟಲೂ ಪುರಸೊತ್ತಿಲ್ಲದೆ ಓಡಿದೆ. ಒಮ್ಮೆ ನಿಲ್ಲಿಸು, ಒಮ್ಮೆ ನೇಯಿ ಎಂದರೆ ತನ್ನ ಸೀರೆ ಮುಗಿಯುವುದು ಯಾವಾಗ ಎಂದು ಶಾಂತವ್ವ ಗೊಣಗಿದಳು. ಆದರೂ ಕೂತು ಮಗ್ಗ ನಡೆಸಿದಳು. ಖಟ್, ಖಟ್, ಖಟ್. ಕಿಟಕಿಯಿಂದ ಫ್ರೆಂಚ್ ಸಮನಾಗಿ ಹೊರಬಿತ್ತು. ಗೌರಿ ಪಾಸಾದಳು.

ಈಗ ಮುಂದಿನ ಹಂತದ ಪರೀಕ್ಷೆ ಬಂದಿದೆ. ನನ್ನಿಂದೇನಾದರೂ ನೆರವು ಬೇಕೇ ಎಂದು ಗೌರಿಯನ್ನು ಕೇಳಿದೆ. ಬೇಕು, ಮಗ್ಗ ನಿಲ್ಲದ ಹಾಗೆ ನೋಡಿಕೊಳ್ಳಬೇಕು ಎಂದಳು. ಆದ್ದರಿಂದ ದಿನಾ ಬೆಳಿಗ್ಗೆ ಶಾಂತವ್ವನ ಮನೆಯಲ್ಲಿ ಕೂತು ಮಗ್ಗಕ್ಕೆ ಬೇಕಾದ ನೂಲು ಸುತ್ತಿಕೊಡುತ್ತೇನೆ. ಮೊದಲ ದಿನವೇ ಶಾಂತವ್ವ ನನ್ನ ಕೈ ನೋಡಿ ಹೇಳಿದಳು:

“ಮಾಸ್ತರ, ಎಲ್ಲಾ ಒಂದ ಅಳತಿ ಇರ್ಲಿ. ಎಳೀಬ್ಯಾಡ್ರಿ.”