ಎಂಟು ಮೈಲಿಗೆ ಮೂರು ಗಂಟೆ

ಓ ಎದುರು ಜಗಲಿಯವರೇ, ಆ ಮೊರ ಒಂದು ಗಳಿಗೆ ಕೆಳಗಿಡಿ! ಸೈಕಲ್ ಶಾಪಿನ ಮುಂದೆ ನಿಂತವರೇ, ನೀವೂ ಈ ಕಡೆ ಬನ್ನಿ, ಪಂಕ್ಚರು ಎಲ್ಲಿಗೂ ಓಡಿಹೋಗುವುದಿಲ್ಲ. ಗಾಡಿಯನ್ನು ಜೋರಾಗಿ ಓಡಿಸಿದೆ ಎಂದು ಪೊಲೀಸರು ಚೀಟಿ ಕೊಟ್ಟರೆ ಬಡಪಾಯಿ ಗಂಡಸು ಏನು ಮಾಡಬೇಕು? ತೆಪ್ಪಗೆ ದಂಡ ಕಟ್ಟಬೇಕೋ, ಕೋರ್ಟಿನಲ್ಲಿ ನಿಂತು ವಾದ ಮಾಡಬೇಕೋ? ಎಪ್ಪತ್ತಮೂರನೇ ಇಸವಿಯಲ್ಲಿ ದೊಡ್ಡಬೆಳವಂಗಲದ ರಾಮಾಂಜಿನಪ್ಪನಿಗೆ ಈ ಪ್ರಶ್ನೆ ಎದುರಾಗಿ, ಹದಿನೈದು ದಿನ ತಿಂದ ಅನ್ನ ಮೈಗೆ ಹತ್ತಲಿಲ್ಲ.

ರಾಮಾಂಜಿನಪ್ಪ ದೊಡ್ಡಬಳ್ಳಾಪುರದ ಒಂದು ಸೊಸೈಟಿಯಲ್ಲಿ ಗುಮಾಸ್ತ. ಊರಿಂದ ಆಫೀಸಿಗೆ ಎಂಟು ಮೈಲಿ. ಓಡಾಡಲು ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಇತ್ತು. ಅದರ ಬಣ್ಣ ಏನೆಂದು ತಿಳಿಯಬೇಕಾದರೆ ಆರ್.ಸಿ. ಪುಸ್ತಕವನ್ನೇ ತೆಗೆದು ನೋಡಬೇಕು. ಆಫೀಸು ಬಿಡುವುದು ಐದು ಗಂಟೆಗೆ. ಅವನು ಮನೆ ಸೇರುವುದು ಎಂಟಕ್ಕೆ.

"ಎಂಟು ಮೈಲಿಗೆ ಮೂರು ಗಂಟೇನಾ?" ಎಂದು ಹೆಂಡತಿ ಅಕ್ಕಯಮ್ಮ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ. "ಏನ್ಮಾಡ್ಲೇ, ಗಾಡಿ ನಿಧಾನ. ಪ್ಲಗ್ಗಿಗೆ ಮಸಿ ಕಟ್ಕೊಂಡಿತ್ತು. ದಾರೀಲಿ ಮೂರು ಸಲ ನಿಲ್ಲಿಸಿ ಬಿಚ್ಚಿ ಒರೆಸ್ಬೇಕಾಯ್ತು."

ನಾಲ್ಕು ವರ್ಷ ಇದೇ ಮಾತು. ಅಕ್ಕಯಮ್ಮ ನಂಬಿದ್ದಳು. ಪಾಪ, ದಿನಾ ಅವನ ಕೈಗೆ ಮಸಿ ಬೇರೆ ಮೆತ್ತಿರುತ್ತಿತ್ತು. (ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಪ್ಲಗ್ಗನ್ನು ಒಂದು ಸಲ ಮುಟ್ಟಿಕೊಂಡೇ ಅವನು ಮನೆಗೆ ಬರುತ್ತಿದ್ದುದು.)

ನಿಜ ಸಂಗತಿ ಏನೆಂದರೆ, ಐದನೇ ಮೈಲಿಕಲ್ಲು ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಒಂದು ಹೊಂಗೆಮರ, ಅದರ ಬುಡದಲ್ಲಿ ಒಂದು ಕಲ್ಲುಕಟ್ಟೆ. ಆ ಕಟ್ಟೆಯ ಮೇಲೆ ಯಾರೋ ಪುಣ್ಯಾತ್ಮರು ಎಂದೋ ಚೌಕಾಬಾರದ ಮನೆಗಳನ್ನು ಕೆತ್ತಿಬಿಟ್ಟಿದ್ದರು. ಸಂಜೆ ಐದೂವರೆಗೆ ಅಲ್ಲಿ ಆಟ ಶುರು. ಆಟಗಾರರಲ್ಲಿ ಹಿರಿಯ ಅಪ್ಪಯ್ಯಣ್ಣ, ಸ್ವತಃ ಅಕ್ಕಯಮ್ಮನ ಸೋದರಮಾವ. ಸೊಸೆಗೆ ಒಂದು ಮಾತು ಹೇಳಿದ್ದರೂ ನಾಲ್ಕು ವರ್ಷದ ಸಾಮ್ರಾಜ್ಯ ಮುಳುಗಿಹೋಗುತ್ತಿತ್ತು. ಆದರೆ ಅಪ್ಪಯ್ಯಣ್ಣ ಹೇಳುವ ಪೈಕಿ ಅಲ್ಲ. ಅವನಿಗೂ ಮನೆಯಲ್ಲಿ ಒಬ್ಬ ಹೆಂಡತಿ ಇದ್ದಳು.

ರಾಮಾಂಜಿನಪ್ಪ ಐದೂವರೆಗೇ ಮನೆ ಸೇರಿದ ಎನ್ನಿ, ಬಾವಿಯಿಂದ ಹನ್ನೆರಡು ಕೊಡ ನೀರು ಸೇದುವುದು, ಹಸುವಿಗೆ ಹುಲ್ಲು ಹಾಕುವುದು, ಸೌದೆ ಒಡೆಯುವುದು, ಈ ಮೂರು ಖಾತೆಗಳೂ ಅವನ ತಲೆಗೇ. ಅಕ್ಕಯಮ್ಮ ಮದುವೆಯಾದ ತಿಂಗಳೇ ಅದನ್ನು ಹೇಳಿಟ್ಟಿದ್ದಳು.

ಆ ಮಂಗಳವಾರ ಅವನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ. "ಐದೂವರೆ ಒಳಗೆ ಬರ್ದಿದ್ರೆ ನಿನ್ನ ಕಾಯಿ ಎತ್ತಿ ಹೊಲಕ್ಕೆ ಬಿಸಾಕ್ತೀನಿ ಅಳಿಯ," ಎಂದು ಅಪ್ಪಯ್ಯಣ್ಣ ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದ. ಹಾಗಾಗಿ ಇಳಿಜಾರಿನಲ್ಲಿ ರಾಮಾಂಜಿನಪ್ಪ ಗಾಡಿಯ ಕಿವಿ ಹಿಂಡಿದ. ಸ್ಕೂಟರು ಅಶ್ವಮೇಧದ ಕುದುರೆಯಾಯಿತು. ಒಂದು ಫರ್ಲಾಂಗ್ ಕಲ್ಲಿನ ಹತ್ತಿರ ಒಬ್ಬ ಪೊಲೀಸಿನವನು ಕರ್ಚೀಫು ಬೀಸಿದ. ಯಾರೋ ಪರಿಚಯದವರು ಎಂದು ಇವನೂ ಕೈಬೀಸಿದ. ಮುಂದಿನ ಫರ್ಲಾಂಗ್ ಕಲ್ಲಿನಲ್ಲಿ ಕಾನ್‌ಸ್ಟೇಬಲ್ ಬೈರಣ್ಣ ಕೈಯಲ್ಲಿ ಗಡಿಯಾರ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದ.

"ಒಂದು ಫರ್ಲಾಂಗಿಗೆ ಹನ್ನೊಂದು ಸೆಕೆಂಡು! ಗಂಟೆಗೆ ಅರವತ್ತೈದು ಕಿಲೋಮೀಟ್ರು ಕಣಪ್ಪ. ಎಲ್ಲಿಗೆ ಇಷ್ಟು ಅರ್ಜೆಂಟು?"

"ಮನೆಗೆ ಸ್ವಾಮಿ."

"ಹೆಂಡ್ತಿ ಮೇಲೆ ಅಷ್ಟು ಪ್ರೀತೀನಾ? ತಗೋ ಚೀಟಿ."

ಆ ಚೀಟಿಯನ್ನು ಅಂಗಿ ಜೇಬಿಗೆ ಹಾಕಿಕೊಂಡು ಅವನು ಮರೆತ. ಶುಕ್ರವಾರ ಅಂಗಿ ಒಗೆಯಲು ಕೂತ ಅಕ್ಕಯಮ್ಮನ ಕೈಗೆ ಅದು ಸಿಕ್ಕಿತು. ಇಂಗ್ಲಿಷಿನಲ್ಲಿತ್ತು. ಸೀಲು ಮಾತ್ರ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿತ್ತು.

"ಏನೂಂದ್ರೆ, ಇದೇನು ಪೊಲೀಸ್ ಕಾಗದ? ಓದಿ ಹೇಳಿ."

ರಾಮಾಂಜಿನಪ್ಪ ಹೆಸರು ಓದಿದ, ಗಾಡಿ ನಂಬರು ಓದಿದ, ಅರವತ್ತೈದು ಕಿಲೋಮೀಟರನ್ನು ನುಂಗಿ ನುಂಗಿ ಓದಿದ. ಕೊನೆಯ ಸಾಲಿನಲ್ಲಿ ಐದನೇ ಮೈಲಿಕಲ್ಲು, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ ಎಂದಿತ್ತು. ಅದನ್ನು ಓದಲಿಲ್ಲ.

ಅಕ್ಕಯಮ್ಮ ಸೋಪಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಗಾಡೀನಾ? ಅರವತ್ತೈದಾ? ನಮ್ಮ ಹಸು ಮೇಯ್ಕೊಂಡು ಬಂದ್ರೂ ಅದಕ್ಕಿಂತ ಮುಂಚೆ ಮನೆ ಸೇರ್ತದೆ! ಕಣ್ಣು ಕಾಣಲ್ವಾ ಆ ಪೊಲೀಸ್ನೋರಿಗೆ?"

"ಹೋಗ್ಲಿ ಬಿಡೇ. ದಂಡ ಕಟ್ಬಿಟ್ರಾಯ್ತು."

ನಗು ನಿಂತಿತು. "ಯಾಕೆ ಕಟ್ತೀರಿ? ಗಾಡಿ ಜೋರಾಗಿ ಹೋಗ್ತದಾ?"

"ಇಲ್ಲ."

"ಮತ್ತೆ? ಜೋರಾಗಿ ಹೋಗೋದಾದ್ರೆ ದಿನಾ ಎಂಟು ಗಂಟೆ ಯಾಕಾಗ್ತದೆ?"

ಇದೇ ಧರ್ಮಸಂಕಟ. ದಂಡ ಕಟ್ಟಿದರೆ ಗಾಡಿ ಜೋರಾಗಿ ಓಡುತ್ತದೆ ಎಂದು ಒಪ್ಪಿದಂತೆ. ಕೋರ್ಟಿಗೆ ಹೋದರೆ ಆ ಐದು ಇಪ್ಪತ್ತನ್ನು ಯಾರಾದರೂ ತುಂಬಿದ ಸಭೆಯಲ್ಲಿ ಓದಿಬಿಟ್ಟರೆ? ರಾಮಾಂಜಿನಪ್ಪ ಒಂದು ವಾರ ಬೆಳಿಗ್ಗೆ ದಂಡವೇ ಸರಿ ಎಂದುಕೊಂಡ, ಸಂಜೆ ಕೋರ್ಟೇ ಸರಿ ಎಂದುಕೊಂಡ. ಕಟ್ಟೆಯ ಮೇಲೆ ಅಪ್ಪಯ್ಯಣ್ಣನನ್ನು ಕೇಳಿದರೆ, "ನಿನ್ನಿಷ್ಟ ಅಳಿಯ. ಸಾಕ್ಷಿಗೆ ಮಾತ್ರ ನನ್ನ ಕರೀಬೇಡ," ಎಂದು ಕವಡೆ ಕುಲುಕಿದ.

ಕೊನೆಗೆ ಲಾಯರ್ ಸಂಜೀವಪ್ಪನವರಾದರೂ ಕೇಸು ಬೇಡ ಎಂದಾರು ಎಂಬ ಆಸೆಯಿಂದ ಅವರ ಆಫೀಸಿಗೆ ಹೋದ. ಅಕ್ಕಯಮ್ಮನೂ ಹಿಂದೆಯೇ ಬಂದಳು.

"ತಪ್ಪು ಒಪ್ಕೊಂಡ್ಬಿಡ್ಲಾ ಸಾರ್?" ಎಂದು ಅವನು ಆಸೆಯಿಂದ ಕೇಳಿದ.

"ಏನ್ರೀ ಹೀಗಂತೀರಿ! ಹನ್ನೆರಡು ವರ್ಷದಿಂದ ಬರೀ ಬದು ಒತ್ತುವರಿ ಕೇಸು ನಡೆಸಿ ನನ್ನ ಕರೀ ಕೋಟು ಬೆಳ್ಳಗಾಗಿದೆ. ಇಂಥಾ ಕೇಸು ಬಿಡ್ತೀನಾ? ಗಾಡಿ ನಿಧಾನ ಅನ್ನೋದಕ್ಕೆ ಸಾಕ್ಷಿ ಬೇಕು, ಅಷ್ಟೇ."

"ನಾನಿದೀನಲ್ಲ," ಎಂದಳು ಅಕ್ಕಯಮ್ಮ. "ನಾಲ್ಕು ವರ್ಷ ದಿನಾ ಬಾಗಿಲಲ್ಲಿ ಕಾಯ್ತಾ ನಿಂತೋಳು ನಾನೇ."

ಸಂಜೀವಪ್ಪನವರು ಮೇಜು ಗುದ್ದಿದರು. "ಗೆದ್ವಿ!"

ಕೋರ್ಟಿನ ದಿನ ಮೊದಲು ಬೈರಣ್ಣ ಸಾಕ್ಷಿ ಹೇಳಿದ. ಕರ್ಚೀಫು, ಫರ್ಲಾಂಗ್ ಕಲ್ಲು, ಹನ್ನೊಂದು ಸೆಕೆಂಡು, ಐದು ಇಪ್ಪತ್ತು, ಒಂದನ್ನೂ ಬಿಡಲಿಲ್ಲ. ಆದರೆ ಒಬ್ಬರ ಸಾಕ್ಷಿ ನಡೆಯುವಾಗ ಇನ್ನೊಬ್ಬ ಸಾಕ್ಷಿ ಹೊರಗಿರಬೇಕೆಂಬ ನಿಯಮವಿತ್ತು. ಅಕ್ಕಯಮ್ಮ ಹೊರಗೆ ಬೇವಿನಮರದ ಕೆಳಗೆ ಕಡ್ಲೆಕಾಯಿ ಬಿಡಿಸುತ್ತ ಕೂತಿದ್ದಳು. ಕಾನೂನು ಬರೆದವರ ಪಾದ ಎಲ್ಲಿದ್ದರೂ ಅಲ್ಲಿಗೇ ರಾಮಾಂಜಿನಪ್ಪ ಮನಸ್ಸಿನಲ್ಲಿ ಅಡ್ಡಬಿದ್ದ.

ಆಮೇಲೆ ಅಕ್ಕಯಮ್ಮ ಕಟಕಟೆ ಹತ್ತಿದಳು. "ಐದು ಗಂಟೆಗೆ ಆಫೀಸು ಬಿಟ್ರೆ ನಮ್ಮ ಯಜಮಾನ್ರು ಮನೆಗೆ ಬರೋದು ಎಂಟಕ್ಕೆ ಸ್ವಾಮಿ. ಎಂಟು ಮೈಲಿ. ಒಂದಿನಾನೂ ತಪ್ಪಿಲ್ಲ. ದೇವರಾಣೆ."

ಮ್ಯಾಜಿಸ್ಟ್ರೇಟರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಂದ್ರೆ ನಡ್ಕೊಂಡು ಬಂದ್ರೂ ಬೇಗ ಬರಬಹುದಲ್ಲಮ್ಮ?"

"ನಾನೂ ಅದೇ ಹೇಳ್ತಿದ್ದೆ ಸ್ವಾಮಿ. ಕೇಳ್ಬೇಕಲ್ಲ."

ಕೋರ್ಟೆಲ್ಲ ನಕ್ಕಿತು. ಸಂಜೀವಪ್ಪನವರು ಕೋಟು ಸರಿಮಾಡಿಕೊಂಡರು. ರಾಮಾಂಜಿನಪ್ಪನಿಗೆ ಹದಿನೈದು ದಿನದ ಮೇಲೆ ಮೊದಲ ಸಲ ಹಸಿವಾಯಿತು. ಅಷ್ಟರಲ್ಲಿ ಸರ್ಕಾರಿ ವಕೀಲರು ನಿಧಾನವಾಗಿ ಎದ್ದರು.

"ಅಮ್ಮಾ, ಚೀಟಿ ಕೊಟ್ಟ ಮಂಗಳವಾರ ನಿಮ್ಮ ಯಜಮಾನ್ರು ಎಷ್ಟು ಹೊತ್ತಿಗೆ ಮನೆಗೆ ಬಂದ್ರು?"

"ಎಂಟಕ್ಕೇ ಸ್ವಾಮಿ. ಅವತ್ತು ಹುರುಳಿ ಬಸ್ಸಾರು ಮಾಡಿದ್ದೆ. ಆರಿ ತಣ್ಣಗಾಗಿತ್ತು."

"ಐದು ಇಪ್ಪತ್ತಕ್ಕೆ ಅವರು ಐದನೇ ಮೈಲಿಕಲ್ಲು ದಾಟಿದಾರೆ. ಅವರೇ ಸೈನ್ ಮಾಡಿದಾರೆ, ನೋಡಿ. ಇನ್ನು ಮೂರೇ ಮೈಲಿ. ಅದಕ್ಕೆ ಎರಡು ಗಂಟೆ ನಲವತ್ತು ನಿಮಿಷ ಏನ್ಮಾಡಿದ್ರು?"

ಅಕ್ಕಯಮ್ಮ ವಕೀಲರನ್ನು ನೋಡಲಿಲ್ಲ, ಮ್ಯಾಜಿಸ್ಟ್ರೇಟರನ್ನು ನೋಡಲಿಲ್ಲ. ನೇರವಾಗಿ ಗಂಡನನ್ನು ನೋಡಿದಳು. ಅವನು ತನ್ನ ಚಪ್ಪಲಿಯ ಉಂಗುಷ್ಠ ಹರಿದಿದೆಯೇ ಎಂದು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ.

"ಸ್ವಾಮಿ," ಎಂದಳು ಅಕ್ಕಯಮ್ಮ, "ನಾನು ಆಗ ಹೇಳಿದ್ದನ್ನ ಹೊಡೆದುಹಾಕಿ. ಗಾಡಿ ಜೋರಾಗೇ ಹೋಗ್ತದೆ. ದಂಡ ಹಾಕಿ. ಆಗೋದಾದ್ರೆ ಒಂದಕ್ಕೆ ಎರಡು ಹಾಕಿ."

ಮ್ಯಾಜಿಸ್ಟ್ರೇಟರು ಒಂದೇ ಹಾಕಿದರು. ಉಳಿದದ್ದು ಮನೆಯಲ್ಲಿ ಬೀಳುತ್ತದೆ ಎಂದು ಅವರಿಗೂ ಗೊತ್ತಾಗಿರಬೇಕು.

ಹಿಂದಿರುಗುವಾಗ ಅಕ್ಕಯಮ್ಮ ಹಿಂದಿನ ಸೀಟಿನಲ್ಲಿ ಗಂಡನ ಕೈಗಡಿಯಾರವನ್ನೇ ಬಿಚ್ಚಿಸಿಕೊಂಡು ಹಿಡಿದು ಕೂತಿದ್ದಳು. ಐದನೇ ಮೈಲಿಕಲ್ಲು ಹದಿನೈದು ನಿಮಿಷಕ್ಕೆ ಬಂತು. ಪ್ಲಗ್ಗು ಒಂದು ಸಲವೂ ಕೆಮ್ಮಲಿಲ್ಲ. (ಕೆಮ್ಮಬೇಕಾದ ಹೊತ್ತಿನಲ್ಲಿ ಅದು ಎಂದೂ ಕೆಮ್ಮಿದ್ದಿಲ್ಲ.) ಮುಂದೆ ಹೊಂಗೆಮರ ಕಂಡಾಗ ರಾಮಾಂಜಿನಪ್ಪ ಮುಖ ತಿರುಗಿಸಿ ಹೋಗಲು ನೋಡಿದ. ಆದರೆ ನಾಲ್ಕು ವರ್ಷದ ಅಭ್ಯಾಸ, ಕೈ ತಾನೇ ಬ್ರೇಕು ಹಿಡಿದುಬಿಟ್ಟಿತು.

ಕಟ್ಟೆಯ ಮೇಲೆ ಅಪ್ಪಯ್ಯಣ್ಣ ಸೊಸೆಯನ್ನು ಕಂಡವನೇ ಹೆಗಲ ಟವಲನ್ನು ಮನೆಗಳ ಮೇಲೆ ಹಾಸಿ, ಆಕಾಶ ನೋಡುತ್ತ ಕೂತ.

"ಟವಲ್ ತೆಗಿ ಮಾವ."

"ಬಿಸ್ಲು ಕಣವ್ವ, ಕಲ್ಲು ಕಾದಿತ್ತು..."

"ತೆಗಿ ಅಂದೆ. ಇದ್ರಲ್ಲಿ ಇವ್ರ ಕಾಯಿ ಯಾವುದು?"

ಅಪ್ಪಯ್ಯಣ್ಣ ಬೆರಳು ತೋರಿಸಿದ. ಹಸಿರು ಬಳೆಯ ಚೂರು.

"ಓಹೋ! ಯುಗಾದೀಲಿ ಒಡೆದೋದ ನನ್ನ ಬಳೆ!" ಅಕ್ಕಯಮ್ಮ ಸೆರಗು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂತಳು. "ಕವಡೆ ಕೊಡು ಮಾವ. ಚೌಕಾಬಾರ ಕಲಿಸಿದೋನು ನೀನೇ ಅಲ್ವಾ?" ಆಮೇಲೆ ಗಂಡನ ಕಡೆ ತಿರುಗಿ, "ನೀವ್ಯಾಕೆ ನಿಂತ್ರಿ? ಗಾಡಿ ಜೋರಾಗಿ ಹೋಗ್ತದಲ್ಲ. ನೀರು ಸೇದಿ, ಹಸುಗೆ ಹುಲ್ಲು ಹಾಕಿ, ಸೌದೆ ಒಡೆದು, ಮುದ್ದೆಗೆ ಎಸರಿಡಿ. ಸಾರು ಬೆಳಿಗ್ಗೆದು ಐತೆ."

ರಾಮಾಂಜಿನಪ್ಪ ಹನ್ನೆರಡು ಕೊಡ ಸೇದಿದ. ಹುಲ್ಲು ಹಾಕಿದ, ಸೌದೆ ಒಡೆದ. ರಾಗಿಹಿಟ್ಟು ಸುರಿದು ಕೋಲಿನಲ್ಲಿ ತಿರುವುತ್ತ ಬಾಗಿಲು ನೋಡಿದ. ಆರೂವರೆ, ಏಳು, ಏಳೂವರೆ. ಸರಿಯಾಗಿ ಎಂಟು ಗಂಟೆಗೆ ಅಪ್ಪಯ್ಯಣ್ಣನ ಎತ್ತಿನ ಗಾಡಿ ಬಾಗಿಲಿಗೆ ಬಂತು.

"ಯಾಕಿಷ್ಟು ಹೊತ್ತು?" ಮಾತು ಅವನ ಬಾಯಿಂದ ಜಾರಿಬಿಟ್ಟಿತು.

"ಏನ್ಮಾಡ್ಲಿ, ಎತ್ತು ನಿಧಾನ," ಎಂದಳು ಅಕ್ಕಯಮ್ಮ ಕಾಲು ತೊಳೆಯುತ್ತ. "ದಾರೀಲಿ ಮೂರು ಸಲ ನಿಲ್ಲಿಸಿ ಲಾಳ ಬಿಚ್ಚಿ ಒರೆಸ್ಬೇಕಾಯ್ತು. ಅಂದಹಾಗೆ ನಿಮ್ಮ ಕಾಯಿ ಹಣ್ಣಾಯ್ತು. ನಾಳೆಯಿಂದ ಆಫೀಸು ಬಿಟ್ಟ ತಕ್ಷಣ ಬಂದು ನನ್ನ ಅಲ್ಲಿ ಇಳಿಸಿ, ನೀವು ಮನೆಗೆ ಬನ್ನಿ."

ಅವಳು ಊಟಕ್ಕೆ ಕೂತಳು. ರಾಮಾಂಜಿನಪ್ಪ ಮುದ್ದೆ ಕಟ್ಟಿ ಅವಳ ತಟ್ಟೆಗೆ ಹಾಕಿದ. ಅವಳು ಒಂದು ತುತ್ತು ಮುರಿದು, "ಗಂಟು," ಎಂದಳು.

ಅವನು ಪಕ್ಕದಲ್ಲಿ ಕೂತು, ಅವಳ ಮುದ್ದೆಯ ಗಂಟುಗಳನ್ನು ಒಂದೊಂದಾಗಿ ಆರಿಸಿ ತನ್ನ ತಟ್ಟೆಗೆ ಹಾಕಿಕೊಂಡ.