ಪೂಜೆಯ ಸಾಲಿನಿಂದ ಎದ್ದು ನಡೆದ ಯಂತ್ರ

ಯಂತ್ರ ಯಾವುದೇ ಇರಲಿ, ನೋಡಿ ಆರಿಸಿ, ನಿಯಮದಂತೆ ನೋಡಿಕೊಂಡರೆ ಅದು ಎಂದಿಗೂ ಕೈಕೊಡುವುದಿಲ್ಲ. ಇದು ನನ್ನ ಸಿದ್ಧಾಂತ. ಹುಣಸೂರಿನಲ್ಲಿ ಬಸ್ಸುಗಳ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿ, ಫೋರ್‌ಮನ್ ಆಗಿ ನಿವೃತ್ತನಾದವನು ನಾನು. ಈಗಲೂ ನಮ್ಮ ಮನೆಯಲ್ಲಿ ಶನಿವಾರ ಬಂತೆಂದರೆ ಮಿಕ್ಸಿ ಬಿಚ್ಚಿ ಒರೆಸಬೇಕು, ಭಾನುವಾರ ಸ್ಕೂಟರಿಗೆ ಎಣ್ಣೆ ಕಾಣಿಸಬೇಕು. ಆದ್ದರಿಂದ ಮೈಸೂರಿನ ಲೇಡಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಸಣ್ಣ ಯಂತ್ರ ಕೊಳ್ಳಲು ಹೇಳಿದಾಗ, ಇಡೀ ಜಿಲ್ಲೆಯಲ್ಲಿ ನನಗಿಂತ ಅರ್ಹ ಗಿರಾಕಿ ಇನ್ನೊಬ್ಬನಿಲ್ಲವೆಂದೇ ನಂಬಿದೆ.

ವಿಷಯ ಇಷ್ಟೇ. ಮುಟ್ಟು ನಿಂತ ಮೇಲೆ ಹೆಂಗಸರ ಮೈ ಬದಲಾಗುತ್ತದೆ. ಸುಖವಾಗಿದ್ದದ್ದು ನೋವಾಗುತ್ತದೆ. ನನ್ನ ಹೆಂಡತಿ ಜಯಮ್ಮ ಅದನ್ನು ಬಹಳ ದಿನ ನುಂಗಿಕೊಂಡಿದ್ದು, ಕೊನೆಗೆ ಡಾಕ್ಟರ ಮುಂದೆ ಬಾಯಿಬಿಟ್ಟಳು.

"ಇದ್ರಲ್ಲಿ ನಾಚಿಕೆ ಏನಿಲ್ಲಮ್ಮ. ಜೆಲ್ ಬರ್ಕೊಡ್ತೀನಿ. ವಯಸ್ಕರ ಆಟಿಕೆ ಅಂತ ಸಿಗುತ್ತೆ, ಮೆಲ್ಲಗೆ ಕಂಪಿಸೋ ಮಿಷನ್ನು. ಅದೂ ಒಳ್ಳೇದು. ಮೊದಲ್ನೇ ಸಲ ಚಿಕ್ಕದೇ ತಗೊಳ್ಳಿ," ಎಂದರು ಡಾಕ್ಟರು.

ಜಯಮ್ಮ ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದಳು. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ, "ಎಷ್ಟು ಹಾರ್ಸ್ ಪವರ್ ಮೇಡಂ?"

ಜಯಮ್ಮ ತೊಡೆಗೆ ಚಿವುಟಿದ ಉರಿ ಇಳಿಯಲು ಬಹಳ ಹೊತ್ತು ಬೇಕಾಯಿತು!

ಬಸ್ಸಿನಲ್ಲಿ ಹಿಂದಿರುಗುವಾಗ ಜಯಮ್ಮ ಕಿವಿಯ ಬಳಿ ಷರತ್ತು ವಿಧಿಸಿದಳು. "ನೋಡಿ, ತರೋದಾದ್ರೆ ತನ್ನಿ. ಆದ್ರೆ ಮೂರನೇ ನರಪಿಳ್ಳೆಗೆ ಗೊತ್ತಾಗಕೂಡ್ದು. ಗೊತ್ತಾಯ್ತೋ, ಬೀದೀಲಿ ತಲೆ ಎತ್ಕಂಡ್ ಓಡಾಡಕ್ಕಾಗಲ್ಲ. ಆಮೇಲೆ ನನ್ ಮುಖಾನೇ ನೋಡ್ಬೇಡಿ."

"ಗೋಪ್ಯತೆ ನನ್ನ ಜವಾಬ್ದಾರಿ," ಎಂದೆ. ಎಂತಹ ಗಂಭೀರ ಧ್ವನಿ!

ಆಯ್ಕೆಯ ಕೆಲಸ ಮೊಬೈಲಿನಲ್ಲಿ ಆರಂಭವಾಯಿತು. ಡಾಕ್ಟರು ಚಿಕ್ಕದು ಎಂದಿದ್ದರು, ನಿಜ. ಆದರೆ ಚಿಕ್ಕ ಮೋಟಾರು ಬೇಗ ಸುಟ್ಟುಹೋಗುತ್ತದೆ ಎಂಬುದು ವೃತ್ತಿಯಲ್ಲಿ ನಾನು ಕಂಡ ಸತ್ಯ. ಹೀಗಾಗಿ ಇದ್ದುದರಲ್ಲೇ ಬಲವಾದದ್ದನ್ನು ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಮುದ್ದೆ ಕೋಲಿನಷ್ಟು ದಪ್ಪದ ಸಾಮಾನು! ಗುಂಡಿ ಒತ್ತಿದೆ. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಕುಣಿದವು. ಹೊರಗೆ ನಾಯಿ ಬೊಗಳಿತು.

ಜಯಮ್ಮ ಬಾಗಿಲಲ್ಲೇ ನಿಂತು ಹೇಳಿದಳು, "ಇದ್ರಲ್ಲಿ ಬೋರ್‌ವೆಲ್ ಕೊರೆಸ್ಬೋದು. ನನ್ ಹತ್ರ ತರಬೇಡಿ."

ಇಂಥ ವಸ್ತುಗಳನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸಬರು ಗಮನಿಸಬೇಕು. ತೆಗೆದುಕೊಳ್ಳಲೂಬಾರದು, ಮೈಗೆ ತಾಗುವ ವಸ್ತು. ಸರಿ, ಇದ್ದದ್ದನ್ನೇ ಶುಚಿಯಾಗಿ ಇಟ್ಟಿರೋಣ, ಮುಂದೆ ಮನಸ್ಸು ಬದಲಾದೀತು ಎಂದುಕೊಂಡೆ. ಶುಚಿ ಎಂದರೆ ನನ್ನ ಮಟ್ಟಿಗೆ ಕುದಿಸುವುದು. ಇಡ್ಲಿ ಪಾತ್ರೆಗೆ ನೀರು ಹಾಕಿ, ಅದರೊಳಗೆ ಇಳಿಸಿ, ಮುಚ್ಚಳ ಮುಚ್ಚಿದೆ. ಒಳಗೆ ಬ್ಯಾಟರಿ ಇರುವುದು ಮರೆತೇಹೋಗಿತ್ತು! ಗೊಳಗೊಳ ಸದ್ದಾಯಿತು, ಸುಟ್ಟ ವಾಸನೆ ಬಂತು, ಯಂತ್ರ ಸೇವೆಯಿಂದ ನಿವೃತ್ತವಾಯಿತು. ಜೊತೆಗೆ ಇಡ್ಲಿ ಪಾತ್ರೆಯೂ. ಅದರಲ್ಲಿ ಇನ್ನು ಇಡ್ಲಿ ಬೇಯಿಸುವುದಿಲ್ಲವೆಂದು ಜಯಮ್ಮ ಶಪಥ ಮಾಡಿದಳು.

ಎರಡನೆಯದನ್ನು ಅವಳೇ ಆರಿಸಿದಳು. ಕನ್ನಡಕ ಹಾಕಿಕೊಂಡು, ಸೀರೆ ಆರಿಸುವಷ್ಟೇ ತಾಳ್ಮೆಯಿಂದ ಒಂದೊಂದನ್ನೂ ಓದಿದಳು. ವೈದ್ಯಕೀಯ ದರ್ಜೆಯ ಸಿಲಿಕೋನ್ ಆಗಿರಬೇಕು, ಕೊಳೆ ಕೂರುವಂತಹ ಸಂದು ಇರಬಾರದು, ಸದ್ದು ಕಡಿಮೆ ಇರಬೇಕು, ನೀರು ಬಿದ್ದರೂ ಕೆಡಬಾರದು. ಬಂದದ್ದು ಅಂಗೈಯಲ್ಲಿ ಅಡಗುವ, ಎಳೆ ಬದನೆಕಾಯಿ ಬಣ್ಣದ ಪುಟ್ಟ ಯಂತ್ರ. ಜೊತೆಗೊಂದು ಬಟ್ಟೆ ಚೀಲ. ಬಳಸುವ ಮೊದಲೂ ಆಮೇಲೂ ಬೆಚ್ಚಗಿನ ನೀರು, ಸೌಮ್ಯವಾದ ಸೋಪು. ಚೆನ್ನಾಗಿ ಒರೆಸಿ, ಆರಿಸಿ, ಚೀಲಕ್ಕೆ. ಅಷ್ಟೇ ಆರೈಕೆ. ಒಳಗಿನ ಬೇರಿಂಗಿಗೆ ಒಂದು ತೊಟ್ಟು ಗ್ರೀಸ್ ಹಾಕುತ್ತೇನೆಂದು ಸ್ಕ್ರೂ ಡ್ರೈವರ್ ಹಿಡಿದು ಬಂದ ನನ್ನನ್ನು ಅವಳು ಅಡುಗೆಮನೆಯವರೆಗೂ ಅಟ್ಟಿದಳು. ಉಳಿದ ವಿಷಯ ನಮ್ಮಿಬ್ಬರದು. ಜಯಮ್ಮ ಕೆಲಸ ಮಾಡುತ್ತ ಹಾಡು ಗುನುಗತೊಡಗಿದಳು ಎಂದಷ್ಟೇ ಹೇಳಬಲ್ಲೆ.

ಇಲ್ಲಿಗೆ ಮುಗಿದಿದ್ದರೆ ನಾನು ಗೌರವಸ್ಥನಾಗಿಯೇ ಉಳಿಯುತ್ತಿದ್ದೆ. ಆದರೆ ಆಯುಧಪೂಜೆ ಬಂತು!

ಆಯುಧಪೂಜೆಯಂದು ನಮ್ಮ ಮನೆಯಲ್ಲಿ ಮೋಟಾರು ಇರುವ ಯಾವ ವಸ್ತುವೂ ಪೂಜೆಯಿಲ್ಲದೆ ಉಳಿಯುವಂತಿಲ್ಲ. ಮಿಕ್ಸಿ, ಗ್ರೈಂಡರು, ನೀರೆತ್ತುವ ಪಂಪು, ಟೇಬಲ್ ಫ್ಯಾನು ಎಲ್ಲವೂ ಹಜಾರದಲ್ಲಿ ಸಾಲಾಗಿ ಕೂರಬೇಕು, ವಿಭೂತಿ ಕುಂಕುಮ ಇಡಿಸಿಕೊಳ್ಳಬೇಕು. ಸಾಲು ಜೋಡಿಸಿ ಹಿಂದೆ ಸರಿದು ನೋಡಿದೆ. ಮನಸ್ಸು ಕುಟುಕಿತು. ಮನೆಯಲ್ಲಿ ಅತ್ಯಂತ ನಿಷ್ಠೆಯಿಂದ ದುಡಿಯುತ್ತಿರುವ ಯಂತ್ರವೊಂದನ್ನು ಕೈಬಿಡುವುದೇ? ಅದು ಅನ್ಯಾಯವಲ್ಲವೇ? ಜಯಮ್ಮ ಸ್ನಾನಕ್ಕೆ ಹೋಗಿದ್ದಳು. ಬೀರುವಿನಿಂದ ಚೀಲ ತಂದು, ಬಾಯಿ ಬಿಗಿದು, ಮಿಕ್ಸಿಯ ಹಿಂದೆ ಅಡಗಿಸಿ, ಚೀಲದ ಮೇಲೆ ಚಿಕ್ಕದೊಂದು ಕುಂಕುಮದ ಬೊಟ್ಟಿಟ್ಟೆ. ಒಂದು ಸೇವಂತಿಗೆಯನ್ನೂ ಏರಿಸಿದೆ. ಯಾರಿಗೆ ಗೊತ್ತಾದೀತು?

ಮಂಗಳಾರತಿಯ ಹೊತ್ತಿಗೆ ಬೀದಿಯ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಗೌರಮ್ಮ. ಹನಗೋಡಿನ ಹೆಣ್ಣು, ಧೈರ್ಯಸ್ಥೆ. ನಾನು ಘಂಟೆ ಬಾರಿಸುತ್ತ ಬಗ್ಗಿದಾಗ ಮೊಣಕೈ ತಾಗಿ ಮಿಕ್ಸಿ ಜರುಗಿತು. ಅದರ ಒತ್ತಿಗೆ ಚೀಲದೊಳಗಿನ ಯಂತ್ರದ ಗುಂಡಿ ಅಮುಕಿಹೋಗಿರಬೇಕು. ಸೇವಂತಿಗೆ ಉರುಳಿಬಿತ್ತು. ಚೀಲ ಗುರ್ರೆನ್ನುತ್ತ ಮಿಕ್ಸಿಯ ಹಿಂದಿನಿಂದ ಹೊರಟು, ನುಣುಪಾದ ನೆಲದ ಮೇಲೆ ತೆವಳುತ್ತ ಎಲ್ಲರ ಮುಂದೆ ಬಂತು!

"ಅಯ್ಯೋ, ಇಲಿ ಕಣಕ್ಕೋ! ಚೀಲದೊಳಕ್ಕೆ ಸೇರ್ಕಬುಟ್ಟದೆ!" ಗೌರಮ್ಮ ಮೂಲೆಯ ಪೊರಕೆ ಎಳೆದುಕೊಂಡು ಎರಡೇಟು ಬಿಗಿದೇಬಿಟ್ಟಳು.

"ಹೊಡೀಬೇಡಿ! ಅದು ನಮ್ಮದು!" ಎಂದು ಕೂಗಿದೆ.

"ಇಲಿ ಸಾಕಿದೀರಾ ಅಣ್ಣ?"

ಅಷ್ಟರಲ್ಲಿ ಗೌರಮ್ಮ ಚೀಲ ಬಿಚ್ಚಿದ್ದಳು. ಅವಳ ಅಂಗೈಯಲ್ಲಿ ಬದನೆಕಾಯಿ ಬಣ್ಣದ ಯಂತ್ರ ನಡುಗುತ್ತಿತ್ತು. ಅದಕ್ಕಿಂತ ಹೆಚ್ಚು ನಾನು ನಡುಗುತ್ತಿದ್ದೆ.

"ಮಂಡಿನೋವಿಗೆ," ಎಂದೆ. "ಮಸಾಜು ಮಾಡಕ್ಕೆ."

ಇದಕ್ಕಿಂತ ದೊಡ್ಡ ಮೂರ್ಖತನವಿಲ್ಲ. ನಮ್ಮ ಬೀದಿಯಲ್ಲಿ ಮಂಡಿನೋವಿಲ್ಲದ ಹೆಂಗಸು ಯಾರಿದ್ದಾರೆ? ಗೌರಮ್ಮ ಸೀರೆಯ ಮೇಲಿಂದಲೇ ಮಂಡಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. "ಆಹಾ, ಚೆಂದಾಗದೆ ಕಣಣ್ಣ! ನಾಕ್ ದಿನ ಕೊಟ್ಟಿರಿ, ವಾಪಸ್ ಕೊಡ್ತೀನಿ." ಹಿಂದಿನಿಂದ ಇನ್ನೊಬ್ಬಾಕೆ, "ಆಮೇಕೆ ನಂಗೆ ಕಣಕ್ಕ," ಎಂದು ಸರದಿ ಹಿಡಿದಳು.

ಏಣಿಯಿಂದ ಹಿಡಿದು ಒನಕೆಯವರೆಗೆ ನಮ್ಮ ಬೀದಿಯಲ್ಲಿ ಎಲ್ಲವೂ ಮನೆಯಿಂದ ಮನೆಗೆ ಓಡಾಡುತ್ತದೆ. ಕೊಡುವುದಿಲ್ಲ ಎಂದರೆ ಜಗಳ. ಕೊಟ್ಟರೆ? ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ಇದನ್ನು ಹಂಚಿಕೊಳ್ಳಬಾರದು, ಸೋಂಕು ಬರುತ್ತದೆ. ನಾನು ಜಯಮ್ಮನ ಕಡೆ ನೋಡಿದೆ. ಅವಳ ಮುಖ ಕುಂಕುಮಕ್ಕಿಂತ ಕೆಂಪಾಗಿತ್ತು.

"ಚಾರ್ಜಿಲ್ಲ," ಎಂದೆ. ಅದು ಗೌರಮ್ಮನ ಕೈಯಲ್ಲಿ ಗುಂಯ್‌ಗುಡುತ್ತಲೇ ಇತ್ತು!

ಆಗ ಜಯಮ್ಮ ಮುಂದೆ ಬಂದಳು. ಗೌರಮ್ಮನ ಕೈಯಿಂದ ಯಂತ್ರ ತೆಗೆದುಕೊಂಡು, ಗುಂಡಿ ಒತ್ತಿ ನಿಲ್ಲಿಸಿ, ಚೀಲಕ್ಕೆ ಹಾಕಿದಳು.

"ಗೌರಕ್ಕ, ಇದು ಮಂಡಿಗಲ್ಲ. ಮುಟ್ಟು ನಿಂತ್ ಮೇಲೆ ನಂಗೆ ಬಾಳ ಕಷ್ಟ ಆಗಿತ್ತು. ಡಾಕ್ಟ್ರೇ ಹೇಳಿ ತರ್ಸಿದ್ದು. ಗಂಡ ಹೆಂಡ್ತಿ ಸಾಮಾನು. ಹಲ್ಲುಜ್ಜೋ ಬ್ರಷ್ ಇದ್ದಂಗೆ, ಇನ್ನೊಬ್ರಿಗೆ ಕೊಡಾಂಗಿಲ್ಲ. ಬೇಕಿದ್ರೆ ನಿಂಗೂ ಒಂದು ತರುಸ್ಕೊ."

ಮುಗಿಯಿತು, ನಾಳೆಯಿಂದ ನನ್ನ ಊಟ ಹೋಟೆಲಿನಲ್ಲಿ ಎಂದುಕೊಂಡೆ. ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕಿತು. ನಗು ನಿಂತ ಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು, "ನಂಗೂ ಅಂಗೇ ಆಗದೆ ಕಣಕ್ಕ. ಯಾರ್ ತಾವ ಏಳ್ಕಳದು ಅಂತ ಸುಮ್ಕಿದ್ದೆ. ಯಾವ್ ಡಾಕ್ಟ್ರು?"

ಹೆಂಗಸರೆಲ್ಲ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡರು. ಹೊರಗೆ ನಾನು, ಪುರಿ ಕಡಲೆ ಮತ್ತು ಟೇಬಲ್ ಫ್ಯಾನು. ಒಳಗಿನಿಂದ ಜಯಮ್ಮನ ಪಾಠ ಕೇಳುತ್ತಿತ್ತು. ಜೆಲ್ ಯಾವುದು, ಸಿಲಿಕೋನ್ ಯಾಕೆ, ತೊಳೆಯುವುದು ಹೇಗೆ. ತಜ್ಞನಾದ ನಾನು ಸುಮ್ಮನಿರುವುದು ಹೇಗೆ? ಬಾಗಿಲಿಗೆ ಬಾಯಿ ಹಚ್ಚಿ, "ಮೋಟಾರಿನ ವಿಷಯ ನಾನು ಹೇಳ್ತೀನಿ," ಎಂದೆ.

"ನೀವು ಸ್ಕೂಟರಿಗೆ ಹೂ ಮುಡಿಸೋಗಿ!" ಎಂದಳು ಜಯಮ್ಮ. ಒಳಗೆ ನಗು ಸಿಡಿಯಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

ಈಗ ಬೀದಿಯಲ್ಲಿ ಜಯಮ್ಮನಿಗೆ ಸಿಗುತ್ತಿರುವ ಮರ್ಯಾದೆ ನೋಡಬೇಕು! ಪಿರಿಯಾಪಟ್ಟಣದಿಂದಲೂ ಒಬ್ಬಾಕೆ ಕೇಳಿಕೊಂಡು ಬಂದಿದ್ದಳು. ನಾನು ಬಾಗಿಲು ತೆಗೆಯುತ್ತೇನೆ, ಕಾಫಿ ಕೊಡುತ್ತೇನೆ, ಜಗಲಿಗೆ ಹೋಗುತ್ತೇನೆ.

ಮೊನ್ನೆ ಕಾಂಪೌಂಡಿನ ಆಚೆಯಿಂದ ಗೌರಮ್ಮ ಕೂಗಿದಳು, "ಜಯಕ್ಕ, ಪಾರ್ಸಲ್ ಬಂತು ಕಣಕ್ಕ!"

ನಾನು ಉತ್ಸಾಹದಿಂದ ಎದ್ದೆ.

"ನೀನೊಬ್ಳೇ ಬಾ. ಅಣ್ಣಂಗೆ ಮಾತ್ರ ಮುಟ್ಟಕ್ ಬುಡಬೇಡ!"

ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಜೇಬಿಗೆ ಸೇರಿಸಿ, ಗಾಂಭೀರ್ಯದಿಂದ ಮತ್ತೆ ಕುಳಿತೆ.